ಬ್ಯಾಂಕುಗಳ ನಾಡಿ ಪರೀಕ್ಷೆ

ಸಂಘದ ಕಾರ್ಯಕ್ರಮ ಮುಗಿದು, ಉಪ್ಪಿಟ್ಟು-ಕೇಸರಿಬಾತಿನ ತಟ್ಟೆ ಕೈಗೆ ಬಂದ ಹೊತ್ತಿಗೆ ಯಾರಾದರೊಬ್ಬರು ನನ್ನನ್ನು ಮೂಲೆಗೆ ಕರೆಯುತ್ತಾರೆ. ಸಾಮಾನ್ಯವಾಗಿ ಹೊಸದಾಗಿ ನಿವೃತ್ತರಾದವರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಅವರು ಕೇಳುವ ಪ್ರಶ್ನೆ ಒಂದೇ: "ಇಂಥ ಬ್ಯಾಂಕಿನಲ್ಲಿ ದುಡ್ಡು ಇಡಬಹುದೇನ್ರೀ? ಬಡ್ಡಿ ಒಂದೂವರೆ ಪರ್ಸೆಂಟ್ ಜಾಸ್ತಿ ಕೊಡ್ತಾರಂತೆ."

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನ ಕೌಂಟರಿನ ಒಳಗಡೆ ಕುಳಿತವನು ನಾನು. ಹಾಗಾಗಿ ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಬಲ್ಲೆನೆಂದು ಎಲ್ಲರೂ ತಿಳಿಯುತ್ತಾರೆ. ಒಂದು ಕಾಲಕ್ಕೆ ನಾನೂ ಹಾಗೇ ತಿಳಿದಿದ್ದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ರಾಯಚೂರು ಕಡೆಯ ನಮ್ಮ ಭಾವನವರು ನಿವೃತ್ತಿಯಲ್ಲಿ ಬಂದ ಹಣದಲ್ಲಿ ನಾಲ್ಕು ಲಕ್ಷವನ್ನು ಒಂದು ಸಹಕಾರಿ ಬ್ಯಾಂಕಿನಲ್ಲಿ ಇಡುವ ಮುನ್ನ ನನ್ನನ್ನು ಕೇಳಿದ್ದರು. "ನೀ ಬ್ಯಾಂಕಿನ್ಯಾಗ ಇದ್ದಾಂವ. ನೀ ಹೂಂ ಅಂದ್ರ ಹಾಕ್ತೀನಿ" ಎಂದರು. ಆ ಬ್ಯಾಂಕಿನ ಆಡಳಿತ ಮಂಡಳಿಯ ಹಿರಿಯರೊಬ್ಬರು ನನಗೆ ಪರಿಚಿತರು, ಸಜ್ಜನರು, ಹಬ್ಬಕ್ಕೆ ಮನೆಗೆ ಬಂದು ಹೋಗುವವರು. ನಾನು ಹೂಂ ಎಂದೆ. ಎರಡು ವರ್ಷವೂ ತುಂಬಲಿಲ್ಲ, ಬ್ಯಾಂಕಿನ ಬಾಗಿಲಿಗೆ ಬೀಗ ಬಿತ್ತು. ಠೇವಣಿ ವಿಮೆಯ ಮಿತಿ ಆಗ ಒಂದೇ ಲಕ್ಷ. ಆ ಒಂದು ಲಕ್ಷವೂ ಕೈಗೆ ಸೇರಿದ್ದು ಬಹಳ ದಿನ ಓಡಾಡಿದ ಮೇಲೆ. ಉಳಿದ ಮೂರು ಲಕ್ಷ ಹೋದದ್ದು ಹೋಯಿತು. ಅದು ನನ್ನ ಸೋದರ ಸೊಸೆಯ ಮದುವೆಗೆಂದು ತೆಗೆದಿರಿಸಿದ್ದ ಹಣ.

ಆ ಬ್ಯಾಂಕಿನ ಹೆಸರು ಇಲ್ಲಿ ಬೇಡ. ತಪ್ಪು ನನ್ನದೂ ಹೌದು. ನಾನು ಆ ಬ್ಯಾಂಕನ್ನು ಅಳೆದಿರಲಿಲ್ಲ. ಮನುಷ್ಯನ ಮುಖ ನೋಡಿ ಹೂಂ ಎಂದಿದ್ದೆ. ಬ್ಯಾಂಕಿನ ಅಪಾಯವನ್ನು ಅಳೆಯುವುದಕ್ಕೆ ಒಂದು ಶಾಸ್ತ್ರವೇ ಇದೆ. ಅದರ ಸಾರವನ್ನು, ಗಣಿತದ ಗೋಜಲಿಲ್ಲದೆ, ನಮ್ಮ ಹೈದರಾಬಾದಿನ ಅನುಭವದ ಬೆಳಕಿನಲ್ಲಿ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಅಪಾಯ ಬೇರೆ, ನಷ್ಟ ಬೇರೆ

ನಷ್ಟವೆಂದರೆ ಆಗಿಹೋದದ್ದು. ಅಪಾಯವೆಂದರೆ ಆಗಬಹುದಾದದ್ದು. ನಷ್ಟ ಜಮಾ-ಖರ್ಚಿನ ಪುಸ್ತಕದಲ್ಲಿ ಕಾಣುತ್ತದೆ, ಅಪಾಯ ಕಾಣುವುದಿಲ್ಲ. ಅದನ್ನು ಹುಡುಕಿ, ಅಂದಾಜು ಮಾಡಿ ಮೊದಲೇ ಬರೆದಿಡಬೇಕಾಗುತ್ತದೆ. ಅಪಾಯವೇ ಇಲ್ಲದ ಬ್ಯಾಂಕು ಎಲ್ಲಿಯೂ ಇಲ್ಲ. ಇಂದು ಕೇಳಿದರೆ ಇಂದೇ ಕೊಡಬೇಕಾದ ಹಣವನ್ನು ನಮ್ಮಿಂದ ತೆಗೆದುಕೊಂಡು, ಹದಿನೈದು ವರ್ಷಕ್ಕೆ ಮರಳುವ ಮನೆ ಸಾಲವಾಗಿ ಇನ್ನೊಬ್ಬರಿಗೆ ಕೊಡುವುದೇ ಬ್ಯಾಂಕಿನ ಕಸುಬು. ಈ ಕಸುಬಿನ ಹೊಟ್ಟೆಯಲ್ಲೇ ಅಪಾಯ ಕುಳಿತಿದೆ.

ನಮ್ಮ ಹೈದರಾಬಾದ್ ಕರ್ನಾಟಕದ ಹಿರಿಯರಿಗೆ ಇದು ಹೊಸ ಮಾತೇನಲ್ಲ. ನಿಜಾಮರ ಕಾಲದಲ್ಲಿ ರಾಯಚೂರು, ಕಲಬುರ್ಗಿ, ಬೀದರಿನಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ. ಗಡಿ ದಾಟಿದರೆ ಬ್ರಿಟಿಷರ ರೂಪಾಯಿ, ನಮ್ಮವರ ಬಾಯಲ್ಲಿ 'ಕಲ್ದಾರ್'. ನೂರು ಕಲ್ದಾರ್ ರೂಪಾಯಿಗೆ ಹಾಲಿ ಸಿಕ್ಕಾದಲ್ಲಿ ನೂರಾ ಹದಿನಾರು ರೂಪಾಯಿ, ಹತ್ತಾಣೆ, ಎಂಟು ಪೈ. ರಾಯಚೂರಿನ ಹತ್ತಿ ವ್ಯಾಪಾರಿ ರೈತನಿಗೆ ಹಾಲಿಯಲ್ಲಿ ಹಣ ಕೊಟ್ಟು, ಮುಂಬಯಿಯಲ್ಲಿ ಕಲ್ದಾರಿಗೆ ಮಾರುತ್ತಿದ್ದ. ನಡುವೆ ಹುಂಡಿಯ ದರ ಚೂರು ಅತ್ತಿತ್ತ ಆದರೂ ಅವನ ಲಾಭವೇ ಕರಗೀತು. ಹತ್ತಿಯ ಬೆಲೆ ಒಂದು ಚಿಂತೆಯಾದರೆ ನಾಣ್ಯದ ಬೆಲೆ ಇನ್ನೊಂದು. ಇಂದು ಅಮೆರಿಕಕ್ಕೆ ಸಾಫ್ಟ್‌ವೇರ್ ಮಾರುವ ಮಾದಾಪುರದ ಕಂಪನಿಗೆ ಡಾಲರಿನ ಚಿಂತೆ ಇರುವ ಹಾಗೆ. 1941ರ ಕಾಯಿದೆಯಂತೆ ಹುಟ್ಟಿದ ಹೈದರಾಬಾದ್ ಸ್ಟೇಟ್ ಬ್ಯಾಂಕಿಗೆ ಸಾಲ-ಠೇವಣಿಯ ಜೊತೆಗೆ ಈ ಸಿಕ್ಕಾದ ಹೊಣೆಯೂ ಇತ್ತು. ಅದೇ 1956ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು. 2017ರ ಏಪ್ರಿಲ್ 1ರಂದು, ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಜೊತೆಯಲ್ಲೇ, ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು.

ಇಂದಿನ ಬ್ಯಾಂಕಿನವರು ಅಪಾಯವನ್ನು ಮುಖ್ಯವಾಗಿ ನಾಲ್ಕಾಗಿ ವಿಂಗಡಿಸುತ್ತಾರೆ. ಕೊಟ್ಟ ಸಾಲ ಮರಳದೇ ಇರುವುದು ಒಂದು. ಬಡ್ಡಿ ದರ, ಷೇರು, ವಿದೇಶಿ ನಾಣ್ಯಗಳ ಬೆಲೆ ಏರುಪೇರಾಗುವುದು ಎರಡು. ಆಸ್ತಿ ಇದ್ದರೂ ಕೇಳಿದ ಹೊತ್ತಿಗೆ ಕೈಯಲ್ಲಿ ನಗದಿಲ್ಲದೇ ಹೋಗುವುದು ಮೂರು. ನೌಕರರ ಮೋಸ, ಕೈತಪ್ಪು, ಕಂಪ್ಯೂಟರಿನ ಕೆಡುಕು ಇತ್ಯಾದಿ ನಾಲ್ಕು.

ನೂರು ಜನರ ಸಾಲದ ಲೆಕ್ಕ

ಈಗ ಅಳತೆಯ ಮಾತಿಗೆ ಬರೋಣ. ಒಂದು ಬ್ಯಾಂಕು ನೂರು ಜನರಿಗೆ ತಲಾ ಒಂದು ಲಕ್ಷದಂತೆ ಒಂದು ಕೋಟಿ ಸಾಲ ಕೊಟ್ಟಿದೆ ಎನ್ನೋಣ. ಹಿಂದಿನ ವರ್ಷಗಳ ಅನುಭವದಿಂದ ನೂರರಲ್ಲಿ ಇಬ್ಬರು ಕೈಯೆತ್ತುತ್ತಾರೆಂದು ಅದಕ್ಕೆ ಗೊತ್ತು. ಜಾಮೀನು, ಅಡವು ಇಟ್ಟ ಆಸ್ತಿ ಮಾರಿದರೆ ಅರ್ಧ ವಸೂಲಾಗುತ್ತದೆ. ಅಂದರೆ ಎರಡು ಲಕ್ಷದಲ್ಲಿ ಒಂದು ಲಕ್ಷ ನಷ್ಟ, ಕೋಟಿಗೆ ಶೇ. 1. ಇದು 'ನಿರೀಕ್ಷಿತ ನಷ್ಟ'. ಕಿರಾಣಿ ಅಂಗಡಿಯವನು ಇಲಿ ತಿನ್ನುವ ಅಕ್ಕಿಯನ್ನೂ ಬೆಲೆಯಲ್ಲಿ ಸೇರಿಸುವಂತೆ ಬ್ಯಾಂಕೂ ಇದನ್ನು ಬಡ್ಡಿಯಲ್ಲೇ ಸೇರಿಸಿಬಿಡುತ್ತದೆ.

ಆದರೆ ಒಂದು ವರ್ಷ ಮಳೆ ಕೈಕೊಟ್ಟು, ಇಬ್ಬರ ಬದಲು ಹತ್ತು ಜನ ಕೈಯೆತ್ತಿದರೆ? ನಷ್ಟ ಐದು ಲಕ್ಷ. ಒಂದು ಲಕ್ಷ ಬಡ್ಡಿಯಿಂದ ತುಂಬಿತು, ಉಳಿದ ನಾಲ್ಕು ಲಕ್ಷ ಎಲ್ಲಿಂದ? ಠೇವಣಿದಾರರ ಹಣವನ್ನು ಮುಟ್ಟುವಂತಿಲ್ಲ. ಬ್ಯಾಂಕಿನ ಮಾಲೀಕರು ಹಾಕಿದ ಸ್ವಂತ ಬಂಡವಾಳದಿಂದಲೇ ತುಂಬಬೇಕು. ಬಂಡವಾಳ ಇರುವುದೇ ಇದಕ್ಕಾಗಿ. ಮನೆ ಕಟ್ಟಿಸುವವರು ನೂರು ವರ್ಷಕ್ಕೊಮ್ಮೆ ಬರುವ ನೆರೆಗೆಂದು ಜಗುಲಿ ಎತ್ತರಿಸುವ ಹಾಗೆ.

ಜಗುಲಿ ಎಷ್ಟು ಎತ್ತರ ಇರಬೇಕು? ಇದಕ್ಕೂ ಒಂದು ಕತೆಯಿದೆ. 1974ರ ಜೂನ್‌ನಲ್ಲಿ ಜರ್ಮನಿಯ ಹೆರ್‌ಸ್ಟಾಟ್ ಎಂಬ ಬ್ಯಾಂಕು ವಿದೇಶಿ ವಿನಿಮಯದ ವ್ಯವಹಾರದಲ್ಲಿ ಮುಳುಗಿದಾಗ ಹಲವು ದೇಶಗಳ ಬ್ಯಾಂಕುಗಳಿಗೆ ಪೆಟ್ಟು ಬಿತ್ತು. ಆಗ ಪ್ರಮುಖ ದೇಶಗಳ ರಿಜರ್ವ್ ಬ್ಯಾಂಕುಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಒಂದು ಸಮಿತಿ ಮಾಡಿಕೊಂಡವು. ಈ ಬಾಸೆಲ್ ಸಮಿತಿ 1988ರಲ್ಲಿ ಒಂದು ಅಳತೆಗೋಲು ಕೊಟ್ಟಿತು: ಸಾಲಗಳನ್ನು ಅಪಾಯಕ್ಕೆ ತಕ್ಕಂತೆ ತೂಗಿ, ಆ ಮೊತ್ತದ ಶೇ. 8ರಷ್ಟಾದರೂ ಸ್ವಂತ ಬಂಡವಾಳ ಇರಬೇಕು. ಸರ್ಕಾರದ ಸಾಲಪತ್ರಕ್ಕೆ ತೂಕ ಸೊನ್ನೆ, ಸಾಮಾನ್ಯ ವ್ಯಾಪಾರದ ಸಾಲಕ್ಕೆ ಪೂರ್ತಿ ನೂರು. ನರಸಿಂಹಂ ಸಮಿತಿಯ 1991ರ ವರದಿಯ ನಂತರ ನಮ್ಮ ದೇಶಕ್ಕೂ ಈ ಪದ್ಧತಿ ಬಂತು. 2000ದ ಮಾರ್ಚ್‌ನಿಂದ ನಮ್ಮಲ್ಲಿ ಅದು ಶೇ. 9. ವಾಣಿಜ್ಯ ಬ್ಯಾಂಕುಗಳು ಈಗ ಅದರ ಮೇಲೆ ಇನ್ನೂ ಎರಡೂವರೆ ಸೇರಿಸಿ ಇಟ್ಟುಕೊಳ್ಳಬೇಕು.

ನಮ್ಮ ಲೆಕ್ಕದ ಬ್ಯಾಂಕಿನಲ್ಲಿ ಒಂಬತ್ತು ಲಕ್ಷ ಬಂಡವಾಳ ಇದೆ ಎನ್ನಿ. ನೂರರಲ್ಲಿ ಇಪ್ಪತ್ತು ಜನ ಕೈಯೆತ್ತುವ ತನಕ ಅದು ತಡೆದುಕೊಳ್ಳುತ್ತದೆ. ಈಗ ಇನ್ನೊಂದು ಬಗೆಯಲ್ಲಿ ನೋಡಿ. ಅದೇ ಕೋಟಿಯನ್ನು ನೂರು ಜನರ ಬದಲು ನಾಲ್ಕೇ ಜನರಿಗೆ ತಲಾ ಇಪ್ಪತ್ತೈದು ಲಕ್ಷದಂತೆ ಕೊಟ್ಟಿದೆ. ಅವರಲ್ಲಿ ಒಬ್ಬನೇ ಒಬ್ಬ ಕೈಯೆತ್ತಿದರೆ, ಅರ್ಧ ವಸೂಲಾದರೂ ನಷ್ಟ ಹನ್ನೆರಡೂವರೆ ಲಕ್ಷ. ಬಂಡವಾಳ ಪೂರ್ತಿ ಹೋಗಿ ಠೇವಣಿದಾರರ ಹಣಕ್ಕೂ ಕೈ ಬಿತ್ತು! ಸಾಲದ ಮೊತ್ತ ಅದೇ, ಬಂಡವಾಳ ಅದೇ. ಅಪಾಯ ಮಾತ್ರ ಬೆಟ್ಟದಷ್ಟು ಬೇರೆ. 2019ರಲ್ಲಿ ಮುಗ್ಗರಿಸಿದ ಪಂಜಾಬ್-ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಸಾಲದಲ್ಲಿ ಶೇ. 70ಕ್ಕಿಂತ ಹೆಚ್ಚು ಒಂದೇ ಕಟ್ಟಡ ಕಂಪನಿಯ ಬಳಗಕ್ಕೆ ಹೋಗಿತ್ತೆಂಬುದನ್ನು ನೆನೆದರೆ ಈ ಲೆಕ್ಕ ಬರೀ ಕಾಗದದ್ದಲ್ಲವೆಂದು ತಿಳಿಯುತ್ತದೆ.

ಇಡ್ಲಿ ಹಿಟ್ಟಿನ ಲೆಕ್ಕ

ಪೇಟೆಯ ಬೆಲೆಗಳ ಏರುಪೇರನ್ನು ಅಳೆಯುವ ವಿಧಾನ ಇನ್ನೊಂದು. ಅಮೆರಿಕದ ಜೆ. ಪಿ. ಮಾರ್ಗನ್ ಬ್ಯಾಂಕಿನ ಅಧ್ಯಕ್ಷ ಡೆನಿಸ್ ವೆದರ್‌ಸ್ಟೋನ್ ದಿನವೂ ಸಂಜೆ ನಾಲ್ಕೂಕಾಲಿಗೆ ತಮ್ಮ ಮೇಜಿನ ಮೇಲೆ ಒಂದೇ ಒಂದು ಹಾಳೆ ಬೇಕೆಂದು ಕೇಳಿದರಂತೆ: ನಾಳೆಯೊಳಗೆ ನಮ್ಮ ಬ್ಯಾಂಕು ಎಷ್ಟು ಕಳೆದುಕೊಳ್ಳಬಹುದು? ಅದಕ್ಕೆ ಅವರ ಸಿಬ್ಬಂದಿ ರೂಪಿಸಿದ ವಿಧಾನವನ್ನು 1994ರಲ್ಲಿ ಆ ಬ್ಯಾಂಕು ಎಲ್ಲರಿಗೂ ತೆರೆದಿಟ್ಟಿತು. 'ವ್ಯಾಲ್ಯೂ ಅಟ್ ರಿಸ್ಕ್' ಎಂಬ ಹೆಸರಿನಲ್ಲಿ ಅದು ಜಗತ್ತೆಲ್ಲ ಹಬ್ಬಿತು.

ಹೆಸರು ದೊಡ್ಡದಾದರೂ ವಿಷಯವನ್ನು ನಮ್ಮ ಉಡುಪಿ ಹೋಟೆಲಿನವರು ಬಲ್ಲರು. ಕಾಚಿಗೂಡದಲ್ಲಿ ಒಂದು ಹೋಟೆಲು ಇದೆ ಎಂದುಕೊಳ್ಳಿ. ದಿನಕ್ಕೆ ನಲವತ್ತು ಕಿಲೋ ಇಡ್ಲಿ ಹಿಟ್ಟು. ರಾತ್ರಿ ಉಳಿದದ್ದು ದಂಡ. ಮಾಲೀಕರು ಐನೂರು ದಿನ ಉಳಿಕೆಯನ್ನು ಬರೆದಿಟ್ಟು, ಅತಿ ಹೆಚ್ಚು ಉಳಿದ ಐದು ದಿನಗಳನ್ನು ಪಕ್ಕಕ್ಕಿಟ್ಟು ನೋಡಿದರು. ಮಿಕ್ಕ ಯಾವ ದಿನವೂ ನಾಲ್ಕು ಕಿಲೋ ಮೀರಿರಲಿಲ್ಲ. ಆಗ ಅವರು ಹೇಳಬಹುದು: "ನೂರರಲ್ಲಿ ತೊಂಬತ್ತೊಂಬತ್ತು ದಿನ ನನ್ನ ನಷ್ಟ ನಾಲ್ಕು ಕಿಲೋದೊಳಗೆ." ಇದೇ ವ್ಯಾಲ್ಯೂ ಅಟ್ ರಿಸ್ಕ್. ಷೇರು, ಸಾಲಪತ್ರ, ಡಾಲರು ಇಟ್ಟುಕೊಂಡ ಬ್ಯಾಂಕೂ ಇದನ್ನೇ ಮಾಡುತ್ತದೆ.

ಆದರೆ ಉಳಿದ ಆ ಒಂದು ದಿನ? ಅದರ ಬಗ್ಗೆ ಈ ಅಂಕಿ ಬಾಯಿ ಬಿಡುವುದಿಲ್ಲ. ಊರಿನಲ್ಲಿ ಕರ್ಫ್ಯೂ ಬಿದ್ದರೆ ನಾಲ್ಕಲ್ಲ, ನಲವತ್ತು ಕಿಲೋ ಹಿಟ್ಟೂ ಹುಳಿಯಾಗುತ್ತದೆ. ಹಿಂದಿನ ಐನೂರು ದಿನಗಳಲ್ಲಿ ಕರ್ಫ್ಯೂ ಇರದಿದ್ದರೆ ರಿಜಿಸ್ಟರಿನಲ್ಲಿ ಅದರ ಸುಳಿವೂ ಇರುವುದಿಲ್ಲ. ಹಳೆಯ ಹೈದರಾಬಾದಿನ ಕರ್ಫ್ಯೂ ದಿನಗಳನ್ನು ಕಂಡ ಮಾಲೀಕ ಮಾತ್ರ ರಿಜಿಸ್ಟರನ್ನು ಮುಚ್ಚಿಟ್ಟು ಕೇಳಿಕೊಳ್ಳುತ್ತಾನೆ: "ನಾಲ್ಕು ದಿನ ಬಾಗಿಲು ತೆರೆಯದಿದ್ದರೆ ಬಾಡಿಗೆ, ಸಂಬಳ ಎಲ್ಲಿಂದ ಕೊಡಲಿ?" ಬ್ಯಾಂಕಿನವರು ಇದನ್ನು 'ಒತ್ತಡ ಪರೀಕ್ಷೆ' ಎನ್ನುತ್ತಾರೆ. 2008ರಲ್ಲಿ ಅಮೆರಿಕದ ದೊಡ್ಡ ದೊಡ್ಡ ಬ್ಯಾಂಕುಗಳು ತತ್ತರಿಸಿದ ಮೇಲೆಯೇ ಈ ಪರೀಕ್ಷೆಗೆ ನಿಜವಾದ ಬೆಲೆ ಬಂದದ್ದು. ಅಂದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ!

ಸಿಕಂದರಾಬಾದಿನ ಪಾಠ

ಇಷ್ಟೆಲ್ಲ ಅಳತೆಗೋಲು ಇದ್ದೂ ಬ್ಯಾಂಕು ಮುಳುಗುವುದೇಕೆ? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಸಿಕಂದರಾಬಾದಿನಲ್ಲೇ ಕೇಂದ್ರ ಕಚೇರಿ ಇದ್ದ ಗ್ಲೋಬಲ್ ಟ್ರಸ್ಟ್ ಬ್ಯಾಂಕಿನ ಕತೆ ಸಾಕು.

ಇದನ್ನು ಕಟ್ಟಿದವರು ರಮೇಶ್ ಗೆಲ್ಲಿ. ನಮ್ಮ ಬೆಂಗಳೂರಿನ ವೈಶ್ಯ ಬ್ಯಾಂಕಿನ ಅಧ್ಯಕ್ಷರಾಗಿ ಹೆಸರು ಮಾಡಿದ್ದವರು. ಖಾಸಗಿಯವರಿಗೆ ಹೊಸ ಬ್ಯಾಂಕು ತೆರೆಯಲು ಸರ್ಕಾರ ಅವಕಾಶ ಕೊಟ್ಟಾಗ, 1994ರಲ್ಲಿ ಈ ಬ್ಯಾಂಕು ಆರಂಭವಾಯಿತು. ಷೇರು ಬಿಡುಗಡೆಯಾದಾಗ ಜನ ಮುಗಿಬಿದ್ದು ಹತ್ತಾರು ಪಟ್ಟು ಹೆಚ್ಚು ಅರ್ಜಿ ಹಾಕಿದ್ದರು. ಹವಾನಿಯಂತ್ರಿತ ಶಾಖೆ, ಕಂಪ್ಯೂಟರು, ನಗುಮುಖದ ಸಿಬ್ಬಂದಿ. ಟೋಕನ್ ಹಿಡಿದು ಬೆಂಚಿನ ಮೇಲೆ ಕುಳಿತು ಅಭ್ಯಾಸವಾಗಿದ್ದ ನಮಗೆ ಅದೊಂದು ಹೊಸ ಲೋಕ. ಸರ್ಕಾರಿ ಬ್ಯಾಂಕಿನ ನಾವೇ ಕದ್ದು ಅಸೂಯೆಪಟ್ಟದ್ದುಂಟು.

ಷೇರುಪೇಟೆ ಏರುತ್ತಿದ್ದ ದಿನಗಳಲ್ಲಿ ಬ್ಯಾಂಕು ಷೇರು ದಲ್ಲಾಳಿಗಳಿಗೆ ಧಾರಾಳವಾಗಿ ಸಾಲ ಕೊಟ್ಟಿತು. ಕೇತನ್ ಪಾರೇಖ್ ಬಳಗದ ಕಂಪನಿಗಳೂ ಅದರಲ್ಲಿದ್ದವು. 2001ರ ಜನವರಿಯಲ್ಲಿ ಯುಟಿಐ ಬ್ಯಾಂಕಿನೊಡನೆ (ಇಂದಿನ ಆಕ್ಸಿಸ್ ಬ್ಯಾಂಕ್) ವಿಲೀನದ ಮಾತೂ ಪ್ರಕಟವಾಯಿತು. ಮಾರ್ಚ್‌ನಲ್ಲಿ ಪೇಟೆ ಕುಸಿಯಿತು, ಪಾರೇಖ್ ಬಂಧನವಾಯಿತು, ವಿಲೀನ ಮುರಿದುಬಿತ್ತು, ಗೆಲ್ಲಿಯವರು ಅಧ್ಯಕ್ಷ ಸ್ಥಾನ ಬಿಟ್ಟರು. ಷೇರುಪೇಟೆಗೆ ಬ್ಯಾಂಕುಗಳು ತಮ್ಮ ಒಟ್ಟು ಸಾಲದ ಶೇ. 5ನ್ನು ಮೀರಬಾರದೆಂಬ ಮಿತಿಯನ್ನು ರಿಜರ್ವ್ ಬ್ಯಾಂಕು ಹಾಕಿದ್ದು ಆ ಕಾಲದಲ್ಲೇ.

ಇಲ್ಲಿಯ ತನಕ ಇದು ಎಲ್ಲೆಲ್ಲಿಯೂ ನಡೆಯುವ ಕತೆ. ಮುಖ್ಯವಾದದ್ದು ಮುಂದಿನದು. 2002ರ ಮಾರ್ಚ್ ಅಂತ್ಯದ ಲೆಕ್ಕಪತ್ರದಲ್ಲಿ, ಲೆಕ್ಕ ಪರಿಶೋಧಕರ ಸಹಿಯೊಂದಿಗೆ, ಬ್ಯಾಂಕಿನ ಸ್ವಂತ ಬಂಡವಾಳ ಗಟ್ಟಿಯಾಗಿಯೇ ಇತ್ತು. ಅದೇ ದಿನಾಂಕದ ಸ್ಥಿತಿಯನ್ನು ರಿಜರ್ವ್ ಬ್ಯಾಂಕಿನ ತನಿಖಾಧಿಕಾರಿಗಳು ನೋಡಿದಾಗ ಬಂಡವಾಳ ಸೊನ್ನೆಗಿಂತ ಕೆಳಗೆ ಹೋಗಿತ್ತು! ಒಂದೇ ಬ್ಯಾಂಕು, ಒಂದೇ ದಿನ, ಎರಡು ಲೆಕ್ಕ. ಅಂತರ ಎಲ್ಲಿಂದ ಬಂತು? ಮರಳದ ಸಾಲವನ್ನು ಮರಳದ ಸಾಲವೆಂದು ಬರೆದು ಅದಕ್ಕೆ ತಕ್ಕ ಹಣ ತೆಗೆದಿರಿಸಿದರೆ ಬರುವ ಅಂಕಿ ಒಂದು. ಬರೆಯದಿದ್ದರೆ ಬರುವ ಅಂಕಿ ಇನ್ನೊಂದು. 2003ರ ಮಾರ್ಚ್ ಲೆಕ್ಕದಲ್ಲಿ ಸತ್ಯ ಹೊರಬಂದಾಗ ಆ ವರ್ಷದ ನಷ್ಟ 272 ಕೋಟಿ.

2004ರ ಜುಲೈ 24, ಶನಿವಾರ. ಕೇಂದ್ರ ಸರ್ಕಾರ ಬ್ಯಾಂಕಿನ ವ್ಯವಹಾರಕ್ಕೆ ತಡೆ ಹಾಕಿತು. ಯಾರೇ ಆಗಲಿ ಹತ್ತು ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಶಾಖೆಗಳ ಮುಂದೆ, ಎಟಿಎಂಗಳ ಮುಂದೆ ಸಾಲು. ನೂರಕ್ಕೂ ಹೆಚ್ಚು ಶಾಖೆ, ಏಳು ಸಾವಿರ ಕೋಟಿಯ ಆಸುಪಾಸು ಠೇವಣಿ. ಸೋಮವಾರ ಓರಿಯೆಂಟಲ್ ಬ್ಯಾಂಕ್ ಆಫ್ ಕಾಮರ್ಸ್‌ನಲ್ಲಿ ವಿಲೀನದ ಯೋಜನೆ ಪ್ರಕಟವಾಯಿತು. ಆಗಸ್ಟ್ 14ರಂದು ಅದು ಜಾರಿಗೂ ಬಂತು. ಇಪ್ಪತ್ತೊಂದು ದಿನಗಳಲ್ಲಿ ಒಂದು ಬ್ಯಾಂಕು ಇಲ್ಲವಾಯಿತು. ಠೇವಣಿದಾರರಿಗೆ ಒಂದು ಪೈಸೆಯೂ ಕಡಿಮೆಯಾಗಲಿಲ್ಲ. ಷೇರುದಾರರಿಗೆ ಒಂದು ಪೈಸೆಯೂ ಸಿಗಲಿಲ್ಲ. ಇದು ನ್ಯಾಯವೇ: ನಷ್ಟ ಮೊದಲು ಬಂಡವಾಳದ ಮೇಲೆ ಬೀಳಬೇಕು. ಆದರೆ "ನಮ್ಮೂರ ಬ್ಯಾಂಕು" ಎಂದು ಅಭಿಮಾನದಿಂದ ಷೇರು ಕೊಂಡಿದ್ದ ಸಣ್ಣ ಜನರಿಗೆ ಅದು ನುಂಗಲಾರದ ತುತ್ತು.

ಇನ್ನು ಸಹಕಾರಿ ಬ್ಯಾಂಕುಗಳ ಪಾಡು. 2001ರಲ್ಲಿ ಇಲ್ಲಿನ ಕೃಷಿ ಸಹಕಾರಿ ನಗರ ಬ್ಯಾಂಕು, ಅದರ ಹಿಂದೆಯೇ ಚಾರ್ಮಿನಾರ್ ಸಹಕಾರಿ ನಗರ ಬ್ಯಾಂಕು ಕುಸಿದಾಗ ಯಾವ ದೊಡ್ಡ ಬ್ಯಾಂಕೂ ಇಪ್ಪತ್ತೊಂದು ದಿನದಲ್ಲಿ ಬಂದು ಕೈ ಹಿಡಿಯಲಿಲ್ಲ. ಸಾವಿರಾರು ಕುಟುಂಬಗಳು ವರ್ಷಗಟ್ಟಲೆ ಕಾದವು. ಬೆಂಗಳೂರಿನ ಬಸವನಗುಡಿಯಲ್ಲಿ 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಠೇವಣಿದಾರರಿಗೆ ಮೂವತ್ತೈದು ಸಾವಿರದ ಮಿತಿ ಬಿದ್ದಾಗ ಬೀದಿಗೆ ಬಂದವರಲ್ಲಿ ನಿವೃತ್ತರೇ ಹೆಚ್ಚು. ಎಷ್ಟೋ ಮನೆಗಳ ಪಿಂಚಣಿ, ಗ್ರಾಚ್ಯುಯಿಟಿ, ಮಾರಿದ ಸೈಟಿನ ಹಣ ಅಲ್ಲಿತ್ತು.

ಗೋಲು ಸರಿಯಿದ್ದರೆ ಸಾಲದು

ಇದರಿಂದ ನಾನು ಕಲಿತ ಪಾಠ ಒಂದೇ. ಅಪಾಯದ ಅಳತೆಗೋಲು ಎಷ್ಟೇ ನಯವಾಗಿರಲಿ, ಅಳೆಯುವವನು ಬರೆಯುವ ಅಂಕಿ ಪ್ರಾಮಾಣಿಕವಾಗಿಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ. ಜ್ವರ ನೋಡುವ ಥರ್ಮಾಮೀಟರಿನಲ್ಲಿ ಪಾದರಸ ಏರದಂತೆ ಹಿಡಿದುಕೊಂಡರೆ ಜ್ವರ ಇಳಿಯುವುದೇ? 2009ರ ಜನವರಿ 7ರಂದು ನಮ್ಮ ಊರಿನ ಸತ್ಯಂ ಕಂಪನಿ ಇದನ್ನೇ ಇನ್ನೊಂದು ರೀತಿಯಲ್ಲಿ ತೋರಿಸಿತು. ಅದರ ಲೆಕ್ಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ಅಧ್ಯಕ್ಷರೇ ಬರೆದುಕೊಟ್ಟರು. ಇಲ್ಲದ ಹಣದ ಮೇಲೆ ಯಾವ ಗಣಿತ ನಡೆಸಿದರೂ ಅದು ಕನ್ನಡಿಯೊಳಗಿನ ಗಂಟು.

ಆದ್ದರಿಂದಲೇ ಅಪಾಯ ನಿರ್ವಹಣೆಯ ಮೊದಲ ನಿಯಮ ಹಳೆಯ ಕಾಲದ್ದು: ವ್ಯವಹಾರ ಮಾಡುವವನು ಬೇರೆ, ಲೆಕ್ಕ ಬರೆಯುವವನು ಬೇರೆ. ಲಂಡನ್ನಿನ ಬೇರಿಂಗ್ಸ್ ಬ್ಯಾಂಕು 1762ರಲ್ಲಿ ಆರಂಭವಾದದ್ದು. ಅದರ ಸಿಂಗಪುರ ಶಾಖೆಯಲ್ಲಿ ನಿಕ್ ಲೀಸನ್ ಎಂಬ ತರುಣ ಜಪಾನಿನ ಷೇರುಪೇಟೆಯ ಮೇಲೆ ಪಣ ಕಟ್ಟುತ್ತಿದ್ದ. ಅದರ ಲೆಕ್ಕದ ವಿಭಾಗವೂ ಅವನ ಕೈಯಲ್ಲೇ! ನಷ್ಟವನ್ನೆಲ್ಲ ಒಂದು ಗುಪ್ತ ಖಾತೆಗೆ ತಳ್ಳುತ್ತ ಹೋದ. 1995ರ ಜನವರಿಯಲ್ಲಿ ಕೋಬೆಯಲ್ಲಿ ಭೂಕಂಪವಾಗಿ ಪೇಟೆ ಬಿದ್ದಿತು. ಫೆಬ್ರವರಿಯಲ್ಲಿ ಗುಟ್ಟು ಹೊರಬಿದ್ದಾಗ ನಷ್ಟ 82.7 ಕೋಟಿ ಪೌಂಡು. 233 ವರ್ಷದ ಬ್ಯಾಂಕನ್ನು ಹಾಲೆಂಡಿನ ಐಎನ್‌ಜಿ ಕಂಪನಿ ಒಂದೇ ಒಂದು ಪೌಂಡಿಗೆ ಕೊಂಡಿತು. ಇದೇ ಐಎನ್‌ಜಿ 2002ರಲ್ಲಿ ನಮ್ಮ ವೈಶ್ಯ ಬ್ಯಾಂಕನ್ನೂ ವಶಕ್ಕೆ ಪಡೆದು ಅದು ಐಎನ್‌ಜಿ ವೈಶ್ಯ ಆಯಿತು. 2015ರಲ್ಲಿ ಕೋಟಕ್ ಮಹೀಂದ್ರದಲ್ಲಿ ಸೇರಿತು. ಬ್ಯಾಂಕುಗಳ ಪ್ರಪಂಚ ನಾವು ತಿಳಿದಷ್ಟು ದೊಡ್ಡದಲ್ಲ.

ಸಾಲವೆಲ್ಲ ಸರ್ಕಾರಕ್ಕೇ ಕೊಟ್ಟರೆ ಭಯವಿಲ್ಲವೆನ್ನುವವರಿಗೆ 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕು ಉತ್ತರ ಕೊಟ್ಟಿತು. ಅದು ಕೊಂಡದ್ದು ಬಹುಪಾಲು ಸರ್ಕಾರದ ಬೆಂಬಲವಿದ್ದ ದೀರ್ಘಾವಧಿ ಸಾಲಪತ್ರಗಳನ್ನೇ. ಆದರೆ ನೂರು ರೂಪಾಯಿಯ, ಶೇ. 6 ಬಡ್ಡಿಯ ಹತ್ತು ವರ್ಷದ ಪತ್ರ ನಿಮ್ಮಲ್ಲಿದ್ದು, ಪೇಟೆಯಲ್ಲಿ ಬಡ್ಡಿ ಶೇ. 8ಕ್ಕೆ ಏರಿದರೆ ಅದನ್ನು ಇಂದು ಕೊಳ್ಳುವವನು ಎಂಬತ್ತೇಳು ರೂಪಾಯಿಗಿಂತ ಹೆಚ್ಚು ಕೊಡಲಾರ. ಕೊನೆಯ ತನಕ ಇಟ್ಟುಕೊಳ್ಳುವ ತಾಳ್ಮೆ ಇದ್ದರೆ ನಷ್ಟವಿಲ್ಲ. ಆದರೆ ಠೇವಣಿದಾರರು ಮೊಬೈಲಿನಲ್ಲೇ ಬೆರಳಾಡಿಸಿ ಒಂದೇ ದಿನ 4,200 ಕೋಟಿ ಡಾಲರ್ ಕೇಳಿದರೆ ತಾಳ್ಮೆ ಎಲ್ಲಿಂದ ಬರಬೇಕು? ನಮ್ಮ ರಿಜರ್ವ್ ಬ್ಯಾಂಕು 1999ರಿಂದಲೇ ಬ್ಯಾಂಕುಗಳಿಂದ ಒಂದು ಪಟ್ಟಿ ಕೇಳುತ್ತಿದೆ: ಯಾವ ಅವಧಿಯಲ್ಲಿ ಎಷ್ಟು ಹಣ ಬರಬೇಕು, ಎಷ್ಟು ಹೋಗಬೇಕು. ಸಂಬಳ ಬರುವ ದಿನವನ್ನೂ ಹಾಲಿನವನ ಬಾಕಿ ತೀರಿಸುವ ದಿನವನ್ನೂ ಹೊಂದಿಸುವ ಗೃಹಿಣಿಯ ಲೆಕ್ಕವೇ ಇದು.

ವಿಮಾ ಕಂಪನಿಗಳಿಗೂ ಇದೇ ನೀತಿ. ಅವುಗಳ ಮೇಲ್ವಿಚಾರಣೆ ಮಾಡುವ ಪ್ರಾಧಿಕಾರದ ಕಚೇರಿ ನಮ್ಮ ಹೈದರಾಬಾದಿನಲ್ಲೇ ಇದೆ. ವಿಮಾ ಕಂಪನಿಯ ಬಳಿ ನಿಯಮದಂತೆ ಬೇಕಾದ ಹೆಚ್ಚುವರಿ ಹಣದ ಒಂದೂವರೆ ಪಟ್ಟಾದರೂ ಇರಬೇಕೆಂಬುದು ಅದರ ಕಟ್ಟಳೆ. ಪಾಲಿಸಿ ಕೊಳ್ಳುವಾಗ ಏಜೆಂಟರು ಬೋನಸ್ ಹೇಳುತ್ತಾರೆ. ಈ ಅಂಕಿಯನ್ನು ನಾವೇ ಕೇಳಬೇಕು.

ನಾವು ಕೇಳಬೇಕಾದ ಐದು ಪ್ರಶ್ನೆ

ಕೊನೆಗೆ, ಮೂಲೆಗೆ ಕರೆದು ಕೇಳುವವರಿಗೆ ನನ್ನ ಉತ್ತರ. ದುಡ್ಡು ಇಡುವ ಮುನ್ನ ಈ ಐದನ್ನು ಕೇಳಿ.

ಒಂದು: ಈ ಠೇವಣಿಗೆ ವಿಮೆ ಇದೆಯೇ? ವಾಣಿಜ್ಯ ಬ್ಯಾಂಕುಗಳಿಗೂ ಸಹಕಾರಿ ಬ್ಯಾಂಕುಗಳಿಗೂ ಇದೆ. 1962ರಲ್ಲಿ 1,500 ರೂಪಾಯಿಯಿಂದ ಆರಂಭವಾದ ಈ ರಕ್ಷಣೆ 1993ರಲ್ಲಿ ಒಂದು ಲಕ್ಷವಾಗಿ, 2020ರ ಫೆಬ್ರವರಿ 4ರಿಂದ ಐದು ಲಕ್ಷವಾಗಿದೆ. ಇದು ಒಬ್ಬರಿಗೆ, ಒಂದು ಬ್ಯಾಂಕಿಗೆ, ಎಲ್ಲ ಶಾಖೆಗಳೂ ಸೇರಿ, ಅಸಲು-ಬಡ್ಡಿ ಎರಡೂ ಕೂಡಿ. ಗಂಡನ ಖಾತೆ, ಹೆಂಡತಿಯ ಖಾತೆ, ಇಬ್ಬರ ಜಂಟಿ ಖಾತೆ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. 2021ರ ತಿದ್ದುಪಡಿಯಂತೆ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದರೆ ಈ ಹಣ 90 ದಿನಗಳಲ್ಲಿ ಸಿಗಬೇಕು. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ, ಫೈನಾನ್ಸ್ ಕಂಪನಿ, ಚೀಟಿ ಇವುಗಳಿಗೆ ಈ ವಿಮೆ ಇಲ್ಲ. ಬೋರ್ಡು ಬ್ಯಾಂಕಿನಂತೆಯೇ ಕಾಣಬಹುದು. ಒಳಗಿನ ಕೌಂಟರೂ ಹಾಗೇ ಇರಬಹುದು. ಕೇಳಿ ತಿಳಿದುಕೊಳ್ಳಿ.

ಎರಡು: ಬಂಡವಾಳ ಶೇಕಡಾ ಎಷ್ಟು? ವಸೂಲಾಗದ ಸಾಲ ಎಷ್ಟು? ಎರಡೂ ವಾರ್ಷಿಕ ವರದಿಯಲ್ಲಿ ಇರುತ್ತವೆ. ಮೊದಲನೆಯದು ಇಳಿಯುತ್ತ, ಎರಡನೆಯದು ಏರುತ್ತ ಬಂದಿದ್ದರೆ ಎರಡು ಸಲ ಯೋಚಿಸಿ.

ಮೂರು: ಮೊದಲ ಇಪ್ಪತ್ತು ದೊಡ್ಡ ಸಾಲಗಾರರಿಗೆ ಹೋದದ್ದು ಎಷ್ಟು ಪಾಲು? ಇದನ್ನೂ ಬ್ಯಾಂಕುಗಳು ಪ್ರಕಟಿಸಬೇಕು. ನೂರು ಜನರ ಲೆಕ್ಕ, ನಾಲ್ಕು ಜನರ ಲೆಕ್ಕ ನೆನಪಿದೆಯಲ್ಲ?

ನಾಲ್ಕು: ಬೇರೆಯವರಿಗಿಂತ ಒಂದೂವರೆ ಪರ್ಸೆಂಟ್ ಹೆಚ್ಚು ಬಡ್ಡಿ ಏಕೆ? ನಿಮಗೆ ಹೆಚ್ಚು ಕೊಡುವವನು ಇನ್ನೊಬ್ಬನಿಂದ ಇನ್ನೂ ಹೆಚ್ಚು ತೆಗೆದುಕೊಳ್ಳಲೇಬೇಕು. ಅಷ್ಟು ಬಡ್ಡಿ ಕೊಟ್ಟು ಸಾಲ ಮಾಡುವವನು ಎಂಥವನು? ಒಂದು ಲಕ್ಷಕ್ಕೆ ಒಂದೂವರೆ ಪರ್ಸೆಂಟೆಂದರೆ ವರ್ಷಕ್ಕೆ ಸಾವಿರದೈನೂರು ರೂಪಾಯಿ. ಅದಕ್ಕಾಗಿ ಲಕ್ಷವನ್ನೇ ಪಣಕ್ಕೆ ಇಡುತ್ತಿದ್ದೇವೆಯೇ?

ಐದು: ಇದು ಬ್ಯಾಂಕಿಗಲ್ಲ, ನಮಗೆ ನಾವೇ ಕೇಳಿಕೊಳ್ಳಬೇಕಾದದ್ದು. ಇರುವುದನ್ನೆಲ್ಲ ಒಂದೇ ಕಡೆ ಇಡುತ್ತಿದ್ದೇನೆಯೇ? ಇಡುತ್ತಿರುವುದು ಅಂಕಿ ನೋಡಿಯೇ, ಮುಖ ನೋಡಿಯೇ?

ನಮ್ಮ ಭಾವನವರು ಈಗಿಲ್ಲ. ಇರುವ ತನಕ ಆ ನಾಲ್ಕು ಲಕ್ಷದ ಬಗ್ಗೆ ನನ್ನನ್ನು ಒಂದು ಮಾತೂ ಆಡಲಿಲ್ಲ. ಸೊಸೆಯ ಮದುವೆ ಸಾಲ ಮಾಡಿ ನಡೆಯಿತು. ಅದರಲ್ಲಿ ನನ್ನ ಪಾಲೂ ಇತ್ತು, ಇರಲೇಬೇಕಿತ್ತು. ಅಕ್ಕ ಮಾತ್ರ ಕಲಿತಿದ್ದಾಳೆ. ಮೊನ್ನೆ ರಾಯಚೂರಿನಿಂದ ಫೋನ್ ಮಾಡಿ ಠೇವಣಿ ಬದಲಾಯಿಸುವ ಮಾತು ಎತ್ತಿದಾಗ ಬಡ್ಡಿ ಎಷ್ಟೆಂದು ಕೇಳಲಿಲ್ಲ. "ಐದು ಲಕ್ಷದ ಒಳಗ ಅದಲ್ಲ? ವಿಮಾ ಅದಲ್ಲ?" ಎಂದಳು. ಓದಿದ್ದು ನಾಲ್ಕನೆಯ ಇಯತ್ತೆ. ಆ ದಿನ ನನಗಿಲ್ಲದ ವಿವೇಕ ಅವಳಿಗಿತ್ತು.

ಮುಂದಿನ ಕಾರ್ಯಕ್ರಮದಲ್ಲಿ ನನ್ನನ್ನು ಮೂಲೆಗೆ ಕರೆಯುವ ಬಂಧುಗಳು ದಯವಿಟ್ಟು ಮೊದಲ ನಾಲ್ಕು ಪ್ರಶ್ನೆಗಳ ಉತ್ತರ ಬರೆದುಕೊಂಡು ಬನ್ನಿ. ಉಪ್ಪಿಟ್ಟು ಆರುವುದರೊಳಗೆ ಹೇಳಿಬಿಡುತ್ತೇನೆ. ಐದನೆಯದಕ್ಕೆ ಉತ್ತರ ನಿಮ್ಮಲ್ಲೇ ಇದೆ.